ಒಂದು ದಿನದ ಸಂಬಳ ಬಿಟ್ಟರೆ ಸಿಗುವುದೇನು?

ಪ್ರಶ್ನೆ: ಸರ್, ನಾನು ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಕಾಂಟ್ರಾಕ್ಟ್ ಮೇಲೆ ಇದ್ದೇನೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಯೂನಿಯನ್‌ನವರು ಗೇಟಿನ ಹತ್ತಿರ ಬಂದು ಅಖಿಲ ಭಾರತ ಮುಷ್ಕರ ಅಂತ ಕರಪತ್ರ ಕೊಡುತ್ತಾರೆ. ಆ ದಿನ ಹೋಗದಿದ್ದರೆ ಸಂಬಳ ಕಟ್. ಮರುದಿನ ಎಲ್ಲ ಮೊದಲಿನ ಹಾಗೇ. ಸಾರ್ವತ್ರಿಕ ಮುಷ್ಕರದಿಂದ ಯಾವತ್ತಾದರೂ ಕೆಲಸಗಾರರಿಗೆ ಏನಾದರೂ ಸಿಕ್ಕಿದೆಯಾ? ಈಗಿನ ಕಾಲದಲ್ಲಿ ನಮ್ಮಂಥವರು ಅದಕ್ಕೆ ಸೇರಬೇಕಾ?

ಉತ್ತರ: ಸಿಕ್ಕಿದೆ. ಆದರೆ ಎಷ್ಟೋ ಸಲ ಮುಷ್ಕರ ಮಾಡಿದ ವಾರ ಸಿಕ್ಕಿಲ್ಲ, ವರ್ಷಗಳು ಕಳೆದ ಮೇಲೆ ಸಿಕ್ಕಿದೆ. ಕೆಲವು ಸಲ ಮಾಡಿದವರಿಗಿಂತ ಜಾಸ್ತಿ ಬೇರೆಯವರಿಗೆ ಸಿಕ್ಕಿದೆ. ನೀವು ಒಂದು ದಿನದ ಸಂಬಳದ ಲೆಕ್ಕ ಕೇಳಿದ್ದೀರಿ. ಅದು ಸಣ್ಣ ಲೆಕ್ಕ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಸಂಬಳ ಇಲ್ಲದೆ ಮನೆಯಲ್ಲಿ ಎಷ್ಟು ದಿನ ಒಲೆ ಉರಿಯುತ್ತದೆ ಅನ್ನುವುದರ ಮೇಲೇ ಪ್ರತಿ ಮುಷ್ಕರವೂ ನಿಂತಿದೆ, ಬಿದ್ದಿದೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಮ್ಮ ಕಡೆ ಮುಷ್ಕರ ಅಂದ ತಕ್ಷಣ ಬಂದ್ ನೆನಪಾಗುತ್ತದೆ, ಅಲ್ವಾ? ಎರಡೂ ಒಂದೇ ಅಲ್ಲ. ಬಂದ್‌ಗೆ ಯಾರು ಬೇಕಾದರೂ ಕರೆ ಕೊಡಬಹುದು. ಅಂಗಡಿ ಮುಚ್ಚಿಸುತ್ತಾರೆ, ಬಸ್ಸು ನಿಲ್ಲಿಸುತ್ತಾರೆ, ಮಾಲೀಕನಿಗೂ ಕೆಲಸದ ಹುಡುಗನಿಗೂ ಒಟ್ಟಿಗೇ ರಜೆ. ಬಲವಂತವಾಗಿ ಬಂದ್ ಮಾಡಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ 1997ರಲ್ಲಿ ಕೇರಳ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಮುಷ್ಕರ ಅಂದರೆ ಕೆಲಸ ಮಾಡುವವರು ತಮ್ಮ ಕೆಲಸವನ್ನು ತಾವೇ ನಿಲ್ಲಿಸುವುದು. ಒಂದೇ ಕಾರ್ಖಾನೆಯಲ್ಲಿ ನಿಲ್ಲಿಸಿದರೆ ಅದು ಆ ಮಾಲೀಕನ ಮೇಲೆ. ರೈಲಿನವರು, ಬಂದರಿನವರು, ಕರೆಂಟಿನವರು, ಗಿರಣಿಯವರು ಎಲ್ಲರೂ ಒಂದೇ ಕಾರಣಕ್ಕೆ ಒಟ್ಟಿಗೆ ನಿಲ್ಲಿಸಿದರೆ ಅದು ಸಾರ್ವತ್ರಿಕ ಮುಷ್ಕರ, ಮತ್ತು ಅದು ಹೆಚ್ಚಾಗಿ ಸರ್ಕಾರದ ಎದುರಿಗೇ ಹೋಗಿ ನಿಲ್ಲುತ್ತದೆ.

ಈ ಯೋಚನೆಯನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬ ಇಂಗ್ಲೆಂಡಿನ ವಿಲಿಯಂ ಬೆನ್‌ಬೋ. 1832ರಲ್ಲಿ ಅವನು ಒಂದು ಸಣ್ಣ ಪುಸ್ತಿಕೆ ಹಂಚಿದ. ಇಡೀ ದೇಶದ ಕೆಲಸಗಾರರು ಒಂದು ತಿಂಗಳು ರಜೆ ತೆಗೆದುಕೊಳ್ಳಬೇಕು ಅನ್ನುವುದು ಅವನ ಮಾತು. ಅದರಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು ವಿಷಯ. ರಜೆ ಶುರುವಾಗುವ ಮೊದಲು ಪ್ರತಿ ಮನೆಯವರೂ ಒಂದು ವಾರಕ್ಕಾಗುವಷ್ಟು ಊಟದ ಸಾಮಾನು ಕೂಡಿಟ್ಟುಕೊಳ್ಳಿ ಅಂತ ಅವನು ಬರೆದಿದ್ದ. ಘೋಷಣೆಗಿಂತ ಮೊದಲು ದವಸದ ಮಾತು.

ನಮ್ಮಲ್ಲಿ ಇದು ರಾಜಕೀಯವಾಗಿ ಕಾಣಿಸಿದ್ದು 1908ರಲ್ಲಿ. ಜುಲೈನಲ್ಲಿ ಬಾಲಗಂಗಾಧರ ತಿಲಕರಿಗೆ ಬ್ರಿಟಿಷರ ಕೋರ್ಟು ಆರು ವರ್ಷ ಶಿಕ್ಷೆ ಕೊಟ್ಟಿತು. ಬೊಂಬಾಯಿಯ ಬಟ್ಟೆ ಗಿರಣಿಗಳ ಕೆಲಸಗಾರರು ವರ್ಷಕ್ಕೆ ಒಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಪೊಲೀಸರೂ ಸೈನಿಕರೂ ಗುಂಡು ಹಾರಿಸಿದರು, ಜನ ಸತ್ತರು. ತಿಲಕರು ಮಂಡಾಲೆ ಜೈಲಿಗೆ ಹೋದರು. ಶಿಕ್ಷೆ ಕಡಿಮೆ ಆಗಲಿಲ್ಲ.

ಈಗ 1926ರ ಬ್ರಿಟನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಯೂನಿಯನ್ ಸಭೆಗಳಲ್ಲಿ ಅದರ ಹೆಸರು ಬರುತ್ತದೆ, ಆದರೆ ಏನಾಯಿತು ಅಂತ ಯಾರೂ ಪೂರ್ತಿ ಹೇಳುವುದಿಲ್ಲ. ಅಲ್ಲಿ ಕಲ್ಲಿದ್ದಲು ಗಣಿ ಮಾಲೀಕರು ಸಂಬಳ ಇಳಿಸಿ ಕೆಲಸದ ಹೊತ್ತು ಏರಿಸಬೇಕು ಅಂದರು. ಗಣಿಯವರು ಸಂಬಳದಲ್ಲಿ ಒಂದು ಪೆನ್ನಿ ಕಡಿಮೆ ಆಗಬಾರದು, ದಿನದಲ್ಲಿ ಒಂದು ನಿಮಿಷ ಜಾಸ್ತಿ ಆಗಬಾರದು ಅಂದರು. 1925ರ ಜುಲೈನಲ್ಲಿ ಉಳಿದ ಯೂನಿಯನ್‌ಗಳೂ ಗಣಿಯವರ ಜೊತೆ ನಿಲ್ಲುತ್ತೇವೆ ಎಂದಾಗ ಸರ್ಕಾರ ಹಿಂದೆ ಸರಿಯಿತು. ಮಾಲೀಕರಿಗೆ ಒಂಬತ್ತು ತಿಂಗಳು ಸಹಾಯಧನ ಕೊಟ್ಟಿತು. ಯೂನಿಯನ್‌ನವರು ಗೆದ್ದೆವು ಅಂದುಕೊಂಡರು. ಆ ಒಂಬತ್ತು ತಿಂಗಳಲ್ಲಿ ಸರ್ಕಾರ ಕಲ್ಲಿದ್ದಲು ರಾಶಿ ಹಾಕಿತು, ದೇಶವನ್ನು ವಲಯಗಳಾಗಿ ಹಂಚಿ ಅಧಿಕಾರಿಗಳನ್ನು ನೇಮಿಸಿತು, ಲಾರಿ ಓಡಿಸುವ ಸ್ವಯಂಸೇವಕರ ಪಟ್ಟಿ ಮಾಡಿತು. ಯೂನಿಯನ್ ಒಕ್ಕೂಟ ಹೆಚ್ಚುಕಡಿಮೆ ಏನೂ ತಯಾರಿ ಮಾಡಲಿಲ್ಲ. ಮುಷ್ಕರ ಮಾಡಲು ಅದರ ಮುಖಂಡರಿಗೇ ಮನಸ್ಸಿರಲಿಲ್ಲ.

1926ರ ಮೇ 3ರ ನಡುರಾತ್ರಿ ಮುಷ್ಕರ ಶುರುವಾಯಿತು. ಸುಮಾರು 17 ಲಕ್ಷ ಮಂದಿ ಕೆಲಸ ಬಿಟ್ಟರು. ರೈಲು, ಟ್ರಾಂ, ಬಂದರು, ಮುದ್ರಣ, ಕಬ್ಬಿಣ ಎಲ್ಲ ನಿಂತವು. ಪೇಪರ್ ಅಚ್ಚಾಗದ ಕಾರಣ ಸರ್ಕಾರ ತನ್ನದೇ ಪತ್ರಿಕೆ ತಂದಿತು, ಅದನ್ನು ನೋಡಿಕೊಂಡವರು ವಿನ್ಸ್‌ಟನ್ ಚರ್ಚಿಲ್. ಕಾಲೇಜು ಹುಡುಗರು ಟ್ರಾಂ, ಬಸ್ಸು ಓಡಿಸಲು ಹೋದರು. ಒಂಬತ್ತನೇ ದಿನ, ಮೇ 12ಕ್ಕೆ, ಯೂನಿಯನ್ ಒಕ್ಕೂಟದ ಮುಖಂಡರು ಪ್ರಧಾನಿಯ ಮನೆಗೆ ಹೋಗಿ ಮುಷ್ಕರ ಹಿಂದೆ ತೆಗೆದುಕೊಂಡು ಬಂದರು. ಯಾರನ್ನೂ ಕೆಲಸದಿಂದ ತೆಗೆಯಬಾರದು ಅಂತ ಒಂದು ಸಾಲು ಬರೆಸಿಕೊಳ್ಳಲಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನಗೆ ಹೊಟ್ಟೆ ಉರಿಯುತ್ತದೆ. ಕೆಲಸಗಾರರು ಸೋತಿರಲಿಲ್ಲ. ಮಾರನೇ ದಿನ ಹೊರಗೆ ನಿಂತವರ ಸಂಖ್ಯೆ ಇನ್ನೂ ಹೆಚ್ಚಾಗಿತ್ತು. ಗಣಿಯವರು ಒಬ್ಬರೇ ನವೆಂಬರ್‌ವರೆಗೆ ಹಸಿದುಕೊಂಡು ನಿಂತರು, ಕೊನೆಗೆ ಕಡಿಮೆ ಸಂಬಳಕ್ಕೆ, ಜಾಸ್ತಿ ಹೊತ್ತಿಗೆ ಒಳಗೆ ಹೋದರು. 1927ರಲ್ಲಿ ಒಂದು ಕಾನೂನು ಬಂತು: ಬೇರೆಯವರಿಗೋಸ್ಕರ ಮುಷ್ಕರ ಮಾಡುವುದೇ ಅಪರಾಧ. ಸರ್ಕಾರ ಹೆದರಿದ್ದು ಯಾವುದಕ್ಕೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಗಣಿಯವನು ತನ್ನ ಸಂಬಳ ಕೇಳುವುದಕ್ಕೆ ಅದು ಹೆದರಲಿಲ್ಲ, ಗಣಿಯವನ ಸಂಬಳಕ್ಕೋಸ್ಕರ ಟ್ರಾಂ ಓಡಿಸುವವನು ಇಳಿದು ನಿಂತದ್ದಕ್ಕೆ ಹೆದರಿತು. ಆ ಕಾನೂನು 1946ರಲ್ಲಿ ರದ್ದಾಯಿತು, ಕಾರ್ಮಿಕರ ಪಕ್ಷವೇ ಗೆದ್ದು ಬಂದ ಮೇಲೆ.

ಭಾರತದಲ್ಲಿ ಇದಕ್ಕೆ ಹತ್ತಿರದ್ದು 1974ರ ರೈಲ್ವೆ ಮುಷ್ಕರ. ಕಸುಬು ಒಂದೇ ಆದ್ದರಿಂದ ಕಟ್ಟುನಿಟ್ಟಾಗಿ ಹೇಳಿದರೆ ಅದು ಸಾರ್ವತ್ರಿಕ ಮುಷ್ಕರ ಅಲ್ಲ. ಆದರೆ ಆ ಕಾಲದಲ್ಲಿ ರೈಲು ನಿಂತರೆ ಕಲ್ಲಿದ್ದಲು ನಿಲ್ಲುತ್ತದೆ, ಕರೆಂಟು ನಿಲ್ಲುತ್ತದೆ, ಗೋಧಿ ನಿಲ್ಲುತ್ತದೆ. ಅಲ್ಲೂ ಸುಮಾರು 17 ಲಕ್ಷ ಕೆಲಸಗಾರರು. ಮುಂದೆ ನಿಂತವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಪಾದ್ರಿ ಆಗಲು ಬೆಂಗಳೂರಿನ ಸೆಮಿನರಿಗೆ ಸೇರಿ, ಅದನ್ನು ಬಿಟ್ಟು, ಮಂಗಳೂರಿನಲ್ಲಿ ಹೋಟೆಲ್ ಕೆಲಸಗಾರರ ನಡುವೆ ಸಂಘಟನೆ ಕಲಿತು ಬೊಂಬಾಯಿಗೆ ಹೋದವರು. ಬೇಡಿಕೆ ಏನು? ಸಾರ್ವಜನಿಕ ಉದ್ದಿಮೆಯವರಿಗೆ ಸಮನಾದ ಸಂಬಳ, ಬೋನಸ್, ಎಂಜಿನ್ ಓಡಿಸುವವರಿಗೆ ಎಂಟು ಗಂಟೆ ಕೆಲಸ. ಮತ್ತೊಂದನ್ನು ನೀವು ಗಮನಿಸಿ: ವರ್ಷಗಟ್ಟಲೆ ದಿನಗೂಲಿಯಲ್ಲೇ ಉಳಿದಿದ್ದ ಕ್ಯಾಶುಯಲ್ ಕೆಲಸಗಾರರನ್ನು ಕಾಯಂ ಮಾಡಬೇಕು ಅನ್ನುವುದೂ ಆ ಪಟ್ಟಿಯಲ್ಲಿತ್ತು.

ಮುಷ್ಕರ ಮೇ 8ಕ್ಕೆ ಅಂತ ಗೊತ್ತಾಗಿತ್ತು. ಸರ್ಕಾರ ಮೇ 2ಕ್ಕೇ ಲಖನೌದಲ್ಲಿ ಫರ್ನಾಂಡಿಸ್ ಅವರನ್ನು ಹಿಡಿದು ಒಳಗೆ ಹಾಕಿತು. ಮುಂದೆ ಸಾವಿರಾರು ಜನರ ಬಂಧನ ಆಯಿತು. ರೈಲ್ವೆ ಕಾಲೋನಿಗಳಿಗೆ ಪೊಲೀಸರು ನುಗ್ಗಿ ಹೆಂಗಸರು ಮಕ್ಕಳನ್ನು ಕ್ವಾರ್ಟರ್ಸ್‌ನಿಂದ ಹೊರಗೆ ಹಾಕಿದರು. ಮುಷ್ಕರದ ನಡುವೆ, ಮೇ 18ಕ್ಕೆ, ಪೋಖರಣ್‌ನಲ್ಲಿ ಅಣು ಪರೀಕ್ಷೆ ಆಯಿತು, ದೇಶದ ಕಣ್ಣೆಲ್ಲ ಆ ಕಡೆ ಹೋಯಿತು. ಮೇ 27ಕ್ಕೆ, ಇಪ್ಪತ್ತನೇ ದಿನ, ಮುಷ್ಕರ ಮುಗಿಯಿತು. ಒಂದು ಬೇಡಿಕೆಯೂ ಸಿಗಲಿಲ್ಲ. ಸಾವಿರಾರು ಜನ ಕೆಲಸ ಕಳೆದುಕೊಂಡರು. ಮುಂದಿನ ವರ್ಷ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು.

ಇಲ್ಲಿಗೇ ಕತೆ ಮುಗಿಸಿದರೆ ನಿಮ್ಮ ಅನುಮಾನ ಸರಿ ಅನ್ನಿಸುತ್ತದೆ. ಆದರೆ 1977ರಲ್ಲಿ ಸರ್ಕಾರ ಬದಲಾಯಿತು, ತೆಗೆದವರನ್ನು ವಾಪಸ್ ಸೇರಿಸಿಕೊಂಡರು. 1979ರಲ್ಲಿ ರೈಲ್ವೆಯವರಿಗೆ ಬೋನಸ್ ಕೊಡುವ ತೀರ್ಮಾನ ಆಯಿತು. ದಸರಾ ಬಂದಾಗ ರೈಲ್ವೆ ನೌಕರರಿಗೆ 78 ದಿನದ ಬೋನಸ್ ಅಂತ ಟೀವಿಯಲ್ಲಿ ಸುದ್ದಿ ಬರುತ್ತದಲ್ಲ, ಅದರ ಬೇರು 1974ರ ಆ ಇಪ್ಪತ್ತು ದಿನದಲ್ಲಿದೆ. ಈಗ ಆ ದುಡ್ಡು ಕೈಗೆ ಬರುವವರಲ್ಲಿ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ.

ನಮ್ಮ ಬೆಂಗಳೂರಿಗೆ ಬರೋಣ. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಮಾಡಿದರು. ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನಲ್ಲಿ ಕೊಟ್ಟಷ್ಟು ಸಂಬಳ ನಮಗೂ ಕೊಡಿ ಅನ್ನುವುದು ಬೇಡಿಕೆ. ನಾನಾಗ ಮೂರನೇ ಕ್ಲಾಸಿನಲ್ಲಿದ್ದೆ. ನಮ್ಮ ತಂದೆ ಅಂಥ ಒಂದು ಕಾರ್ಖಾನೆಯಲ್ಲಿ ಟರ್ನರ್. ಮೊದಲ ತಿಂಗಳು ಶೆಟ್ಟರ ಅಂಗಡಿಯಲ್ಲಿ ಸಾಲ ಬರೆಸಿದೆವು. ಎರಡನೇ ತಿಂಗಳು ಅವರೂ ಕೈ ಬಿಗಿ ಮಾಡಿದರು, ಪಾಪ ಅವರ ಅಂಗಡಿಯ ಗಿರಾಕಿಗಳೆಲ್ಲ ಮುಷ್ಕರದವರೇ. ಆಮೇಲೆ ನಮ್ಮನ್ನು ಉಳಿಸಿದ್ದು ಊರಿಂದ ಚಿಕ್ಕಪ್ಪ ಬಸ್ಸಿನ ಮೇಲೆ ಹಾಕಿಸಿ ಕಳಿಸುತ್ತಿದ್ದ ರಾಗಿ ಚೀಲ. ಎರಡು ಹೊತ್ತೂ ಮುದ್ದೆ, ಹುರುಳಿ ಸಾರು. ಊರಲ್ಲಿ ಜಮೀನು ಇಲ್ಲದವರ ಮನೆಗಳಲ್ಲಿ ಏನು ನಡೆಯಿತು ಅಂತ ದೊಡ್ಡವನಾದ ಮೇಲೆ ಕೇಳಿ ತಿಳಿದುಕೊಂಡೆ. ಅವರೇ ಮೊದಲು ಸೋತರು. ಮರುವರ್ಷ, 1982ರ ಜನವರಿ 18ರಿಂದ, ದತ್ತಾ ಸಾಮಂತರ ಮುಂದಾಳತ್ವದಲ್ಲಿ ಬೊಂಬಾಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಗೆ ಬಂದರು. ವರ್ಷ ದಾಟಿದರೂ ಅವರು ನಿಲ್ಲಲು ಸಾಧ್ಯವಾದದ್ದು ಕೊಂಕಣದ, ಘಟ್ಟದ ಊರುಗಳ ಗದ್ದೆಯಿಂದ.

ಬೆಂಗಳೂರಿನ 77 ದಿನ ಕೇಳಿದ್ದು ಸಿಗದೆ ಮುಗಿಯಿತು. ಯಾಕೆ? ನನ್ನ ಅಭಿಪ್ರಾಯ ಹೇಳುತ್ತೇನೆ, ಆಗ ಮುಷ್ಕರದಲ್ಲಿದ್ದ ಹಿರಿಯರು ಒಪ್ಪದೆ ಇರಬಹುದು. ಧೈರ್ಯಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೆ ಬೇಡಿಕೆ ಅವರದ್ದಷ್ಟೇ ಆಗಿತ್ತು. ಪಕ್ಕದ ಸಣ್ಣ ಶೆಡ್ಡುಗಳಲ್ಲಿ ಅವರ ಅರ್ಧ ಸಂಬಳಕ್ಕೂ ಗತಿಯಿಲ್ಲದೆ ದುಡಿಯುವವರು ಇದ್ದರು. ಆ ಕಾರ್ಖಾನೆಗಳಿಗೇ ಬಿಡಿಭಾಗ ಮಾಡಿ ಕೊಡುತ್ತಿದ್ದವರೂ ಅವರೇ. ಅವರಿಗೆ ಇದು ಸಂಬಳ ಜಾಸ್ತಿ ಇರುವವರ ಜಗಳ ಅನ್ನಿಸಿತು. ಊರು ಜೊತೆಗೆ ಬರಲಿಲ್ಲ.

ಇದಕ್ಕೆ ಎದುರಾಗಿ ಪೋಲೆಂಡಿನ ಗ್ಡಾನ್ಸ್ಕ್ ಊರಿನ ಹಡಗುಕಟ್ಟೆಯಲ್ಲಿ, ಅಂದರೆ ಹಡಗು ತಯಾರಿಸುವ ಜಾಗದಲ್ಲಿ, ನಡೆದದ್ದು ಕೇಳಿ. 1980ರ ಆಗಸ್ಟ್. ಕ್ರೇನ್ ನಡೆಸುವ ಆನ್ನಾ ವಾಲೆಂಟಿನೋವಿಚ್ ಎಂಬ ಹೆಂಗಸನ್ನು ನಿವೃತ್ತಿಗೆ ಐದು ತಿಂಗಳು ಇರುವಾಗ ಕೆಲಸದಿಂದ ತೆಗೆದರು. ಹಡಗುಕಟ್ಟೆಯವರು ಮುಷ್ಕರ ಮಾಡಿದರು. ಎರಡು ದಿನದಲ್ಲಿ ಆಡಳಿತ ಬಗ್ಗಿತು, ಆಕೆಯೂ ವಾಪಸ್, ಸಂಬಳವೂ ಜಾಸ್ತಿ. ಮುಷ್ಕರ ಮುಗಿಯಿತು ಅಂತ ಅದರ ಮುಖಂಡ ಲೆಖ್ ವಲೇಸಾ ಹೇಳಿಯೂ ಬಿಟ್ಟರು. ಅಷ್ಟರಲ್ಲಿ ಊರಿನ ಟ್ರಾಂ, ಬಸ್ಸಿನವರು, ಸಣ್ಣ ಕಾರ್ಖಾನೆಯವರು ಅವರಿಗೆ ಬೆಂಬಲವಾಗಿ ಕೆಲಸ ನಿಲ್ಲಿಸಿದ್ದರು. ನೀವು ದೊಡ್ಡವರು ಬಿಟ್ಟು ಹೋದರೆ ನಮ್ಮನ್ನು ಸರ್ಕಾರ ಹೊಸಕಿ ಹಾಕುತ್ತದೆ ಅಂತ ಹೆನ್ರಿಕಾ ಕ್ಷಿವೋನೋಸ್ ಎಂಬ ಟ್ರಾಂ ಚಾಲಕಿ ಅವರನ್ನು ತಡೆದು ಕೇಳಿದಳು. ಮನೆಗೆ ಹೊರಟಿದ್ದವರನ್ನು ಹೆಂಗಸರು ಗೇಟಿನಲ್ಲಿ ನಿಲ್ಲಿಸಿ ವಾಪಸ್ ಕಳಿಸಿದರು. ಎಲ್ಲ ಕಡೆಯವರೂ ಸೇರಿದ ಒಂದು ಸಮಿತಿ ಆಯಿತು, 21 ಬೇಡಿಕೆ ಬರೆದರು, ಆಗಸ್ಟ್ 31ಕ್ಕೆ ಸರ್ಕಾರ ಸಹಿ ಹಾಕಿತು. ಸರ್ಕಾರದ ಹಿಡಿತದಲ್ಲಿಲ್ಲದ ಯೂನಿಯನ್ ಕಟ್ಟುವ ಹಕ್ಕು ಅದರಲ್ಲಿ ಮೊದಲನೆಯದು. ಹಡಗುಕಟ್ಟೆಯವರು ಎರಡನೇ ದಿನವೇ ಮನೆಗೆ ಹೋಗಿದ್ದರೆ ಅದು ಒಂದು ಕಾರ್ಖಾನೆಯ ಸಂಬಳದ ಒಪ್ಪಂದವಾಗಿ ಉಳಿಯುತ್ತಿತ್ತು.

ಊಟದ ವಿಷಯದಲ್ಲಿ ನಾನು ಯಾವಾಗಲೂ ಹೇಳುವುದು ಅಮೆರಿಕದ ಸಿಯಾಟಲ್ ಊರಿನ ಮಾತು. 1919ರ ಫೆಬ್ರವರಿಯಲ್ಲಿ ಅಲ್ಲಿ ಸುಮಾರು 65 ಸಾವಿರ ಮಂದಿ ಕೆಲಸ ನಿಲ್ಲಿಸಿದಾಗ ಮುಷ್ಕರ ಸಮಿತಿಯೇ ಅಡುಗೆಮನೆಗಳನ್ನು ನಡೆಸಿತು, ದಿನಕ್ಕೆ ಸಾವಿರಾರು ಊಟ. ಮಕ್ಕಳಿಗೆ ಹಾಲು ಹಂಚಲು ಜಾಗಗಳನ್ನು ಗೊತ್ತು ಮಾಡಿತು, ಆಸ್ಪತ್ರೆ ಬಟ್ಟೆ ಒಗೆಯುವವರಿಗೆ ಕೆಲಸ ಮಾಡಲು ಅನುಮತಿ ಚೀಟಿ ಕೊಟ್ಟಿತು. ಆರು ದಿನವೂ ಗಲಾಟೆ ಆಗಲಿಲ್ಲ. ಆ ಮುಷ್ಕರ ನಡೆದದ್ದು ಅಲ್ಲಿಯ ಹಡಗುಕಟ್ಟೆಯವರ ಸಂಬಳಕ್ಕೋಸ್ಕರ, ಆದರೆ ಅದು ಏರಲಿಲ್ಲ ಅನ್ನುವುದೂ ನಿಜ.

ನಿಮಗೆ ಹತ್ತಿರದ್ದು ಇನ್ನೊಂದಿದೆ. ನೀವು ಆರು ವರ್ಷದಿಂದ ಪೀಣ್ಯದಲ್ಲಿದ್ದೀರಿ ಅಂದರೆ ಅದನ್ನು ಕಣ್ಣಿಂದ ನೋಡಿರಲಿಕ್ಕಿಲ್ಲ, ಅಲ್ಲಿಯ ಹಳಬರನ್ನು ಕೇಳಿ. 2016ರ ಏಪ್ರಿಲ್ 18, 19. ಪಿಎಫ್‌ನಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ ಹೆಂಗಸರಿಗೆ ಈ ದುಡ್ಡು ಅಂದರೆ ಏನು ಅಂತ ದೆಹಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತು ದಾಟುವಷ್ಟರಲ್ಲಿ ಬೆನ್ನು, ಕಣ್ಣು ಹೋಗಿ ಕೆಲಸ ಬಿಡುವವರಿಗೆ 58 ಅಂದರೆ ಯಾವ ಲೆಕ್ಕ? ಮನೆ ಭೋಗ್ಯಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಅವರು ನೆಚ್ಚಿದ್ದು ಅದೊಂದನ್ನೇ. ಹೊಸೂರು ರಸ್ತೆಯಲ್ಲಿ ಶುರುವಾಗಿ ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಗೆ ಹಬ್ಬಿತು. ಒಂದು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳು ಸುಟ್ಟವು, ಎಷ್ಟೋ ಜನರ ಮೇಲೆ ಕೇಸು ಬಿತ್ತು. ಏಪ್ರಿಲ್ 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದೆ ತೆಗೆದುಕೊಂಡಿತು. ಬೆಂಗಳೂರಿಗೆ ಮಾತ್ರ ಅಲ್ಲ, ಇಡೀ ದೇಶದ ಪಿಎಫ್ ಸದಸ್ಯರಿಗೆ. ಎಸಿ ಆಫೀಸಿನಲ್ಲಿ ಕೂತು ಟ್ರಾಫಿಕ್ ಜಾಮ್ ಆಯಿತು ಅಂತ ಬೈದುಕೊಂಡವರ ಪಿಎಫ್ ದುಡ್ಡನ್ನೂ ಆ ಹೆಣ್ಣುಮಕ್ಕಳೇ ಬಿಡಿಸಿ ಕೊಟ್ಟರು. ಈ ಮಾತು ಬರೆಯುವಾಗ ಈಗಲೂ ನನಗೆ ಎದೆ ತುಂಬಿ ಬರುತ್ತದೆ.

1981ರವರು 77 ದಿನದಲ್ಲಿ ಪಡೆಯಲಾಗದ್ದನ್ನು ಇವರು ಎರಡು ದಿನದಲ್ಲಿ ಹೇಗೆ ಪಡೆದರು? ಬೇಡಿಕೆ ಒಂದೇ ಇತ್ತು, ಪ್ರತಿಯೊಬ್ಬಳಿಗೂ ತನ್ನ ಪಾಸ್‌ಬುಕ್ಕಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಯಾವಾಗ ಮುಗಿಯುತ್ತದೆ ಅಂತ ಸರ್ಕಾರಕ್ಕೆ ಗೊತ್ತಿರಲಿಲ್ಲ, ಹಿಡಿದು ಒಳಗೆ ಹಾಕಲು ಒಬ್ಬ ನಾಯಕನೂ ಇರಲಿಲ್ಲ. ನೀವು ನೋಡಿರುವ ಒಂದು ದಿನದ ಮುಷ್ಕರದಲ್ಲಿ ಇವು ಯಾವುವೂ ಇಲ್ಲ. 1991ರಿಂದ ಕೇಂದ್ರ ಯೂನಿಯನ್‌ಗಳು ಇಪ್ಪತ್ತಕ್ಕೂ ಹೆಚ್ಚು ಸಲ ಇಂಥ ಕರೆ ಕೊಟ್ಟಿವೆ, 2025ರ ಜುಲೈ 9ರದ್ದೂ ಸೇರಿ. ಹತ್ತು ಹನ್ನೆರಡು ಬೇಡಿಕೆ, ಮರುದಿನ ಬೆಳಗ್ಗೆ ಎಲ್ಲರೂ ಶಿಫ್ಟಿಗೆ ಹಾಜರು. ಮಾಲೀಕರು ಆ ದಿನದ ಕೆಲಸವನ್ನು ಭಾನುವಾರಕ್ಕೆ ಹಾಕಿಕೊಳ್ಳುತ್ತಾರೆ. ಅದನ್ನು ನಾನು ಮುಷ್ಕರ ಅನ್ನುವುದಕ್ಕಿಂತ ದೊಡ್ಡ ಪ್ರತಿಭಟನಾ ಸಭೆ ಅನ್ನುತ್ತೇನೆ. ಹಾಗಂತ ವ್ಯರ್ಥ ಅಲ್ಲ. ಹಳೇ ಕಾರ್ಮಿಕ ಕಾನೂನುಗಳ ಬದಲಿಗೆ ಕೇಂದ್ರ ಸರ್ಕಾರ ತಂದ, ಈ ಮುಷ್ಕರಗಳು ವಿರೋಧಿಸಿದ ನಾಲ್ಕು ಲೇಬರ್ ಕೋಡ್‌ಗಳು 2019, 2020ರಲ್ಲೇ ಪಾಸಾದರೂ ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಐದು ವರ್ಷ ತಡ ಆಗಿದ್ದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಈ ವಿರೋಧವೂ ಒಂದು ಅಂತ ನನ್ನ ನಂಬಿಕೆ.

ಆ ಕೋಡ್‌ಗಳಿಂದ ನಿಮಗೆ ನೇರವಾಗಿ ಆಗುವುದು ಇಷ್ಟು. ಮೊದಲು ನೀರು, ಕರೆಂಟು, ಸಾರಿಗೆಯಂಥ ಕಡೆ ಮಾತ್ರ ಮುಷ್ಕರಕ್ಕೆ ಮೊದಲೇ ನೋಟಿಸ್ ಕೊಡುವುದು ಕಡ್ಡಾಯ ಇತ್ತು. ಈಗ ಎಲ್ಲ ಕಾರ್ಖಾನೆಗೂ 14 ದಿನದ ನೋಟಿಸ್ ಬೇಕು. ರಾಜಿ ಮಾತುಕತೆ ನಡೆಯುವಾಗ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಜನ ಒಟ್ಟಿಗೆ ಕ್ಯಾಶುಯಲ್ ರಜೆ ಹಾಕಿದರೆ ಅದೂ ಮುಷ್ಕರವೇ. ಕಾನೂನು ಮೀರಿದ ಮುಷ್ಕರಕ್ಕೆ ಸಾವಿರದಿಂದ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 2016ರಲ್ಲಿ ಆದ ಹಾಗೆ ದಿಢೀರನೆ ಹೊರಗೆ ಬಂದರೆ ಇವತ್ತು ಅದು ನೇರವಾಗಿ ಇದರಡಿ ಬೀಳುತ್ತದೆ. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಕೊಡಬೇಕಾದ ನೋಟಿಸ್ ಕೊಡದೆ ಗೈರಾದರೆ ಎಂಟು ದಿನದ ಸಂಬಳದವರೆಗೆ ಹಿಡಿಯಬಹುದು ಅನ್ನುವುದು ಹಳೇ ಸಂಬಳದ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಒಂದು ದಿನದ್ದು ಮಾತ್ರ ಹೋಗುತ್ತದೆ ಅಂದುಕೊಂಡು ಸುಮ್ನೆ ಮನೆಯಲ್ಲಿ ಕೂರಬೇಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನೀವು ಕಾಂಟ್ರಾಕ್ಟ್ ಮೇಲಿದ್ದೀರಿ. ಕಾಯಂ ಆದವನಿಗೆ ಮೆಮೋ ಬರುತ್ತದೆ, ವಿಚಾರಣೆ ಆಗುತ್ತದೆ. ನಿಮಗೆ ಕಾಂಟ್ರಾಕ್ಟರ್ ಫೋನ್ ಮಾಡಿ ನಾಳೆಯಿಂದ ಬರಬೇಡ ಅನ್ನುತ್ತಾನೆ, ಅಷ್ಟೇ. ರೂಮಿನ ಬಾಡಿಗೆ, ಬೈಕಿನ ಕಂತು ಯಾರೂ ತಡೆಯುವುದಿಲ್ಲ. ಊರಿಂದ ರಾಗಿ ಚೀಲ ಬರುವವರು ಈಗ ಎಷ್ಟು ಜನ? ನಿಮ್ಮ ಪಕ್ಕದ ಮಷೀನಿನಲ್ಲಿರುವ ಬಿಹಾರದ, ಒಡಿಶಾದ ಹುಡುಗನಿಗಂತೂ ಇಲ್ಲಿ ಸಾಲ ಕೊಡುವ ಅಂಗಡಿಯೂ ಇಲ್ಲ. ಆದ್ದರಿಂದ ಕಣ್ಣು ಮುಚ್ಚಿಕೊಂಡು ಸೇರಿ ಅಂತ ನಿಮಗೆ ಹೇಳಲಾರೆ.

ಮುಂದಿನ ಸಲ ಗೇಟಿನ ಹತ್ತಿರ ಕರಪತ್ರ ಕೊಟ್ಟಾಗ ಮುಷ್ಕರದ ನೋಟಿಸಿನ ಪ್ರತಿ ಕೇಳಿ. ನಿಮ್ಮ ಕಾರ್ಖಾನೆಯಲ್ಲಿ ಕೊಟ್ಟಿದ್ದಾರಾ, ಯಾವ ತಾರೀಕಿಗೆ ಕೊಟ್ಟಿದ್ದಾರೆ, 14 ದಿನ ಆಗಿದೆಯಾ ನೋಡಿ. ಕಾಂಟ್ರಾಕ್ಟ್‌ನವರ ಬಗ್ಗೆ ಅದರಲ್ಲಿ ಏನು ಬರೆದಿದೆ ಹುಡುಕಿ. ಕಾಂಟ್ರಾಕ್ಟ್ ಪದ್ಧತಿ ಬೇಡ ಅನ್ನುವ ಒಂದು ಸಾಲು ಇದ್ದೇ ಇರುತ್ತದೆ, ಅಷ್ಟಕ್ಕೆ ತೃಪ್ತಿ ಪಡಬೇಡಿ. ನಮ್ಮಲ್ಲಿ ಒಬ್ಬನನ್ನು ತೆಗೆದರೆ ಕಾಯಂನವರು ಮಷೀನು ನಿಲ್ಲಿಸುತ್ತೀರಾ ಅಂತ ಗೇಟ್ ಮೀಟಿಂಗ್‌ನಲ್ಲಿ ಎಲ್ಲರ ಎದುರು ಕೇಳಿ. ಒಬ್ಬರೇ ಹೋಗಬೇಡಿ, ನಿಮ್ಮ ಲೈನಿನ ಐದಾರು ಜನರನ್ನು ಕರೆದುಕೊಂಡು ಹೋಗಿ, ಆ ಬಿಹಾರದ ಹುಡುಗನನ್ನೂ. ನಿಲ್ಲಿಸುತ್ತೇವೆ ಅಂತ ಅವರು ಬರೆದುಕೊಟ್ಟರೆ ಧೈರ್ಯವಾಗಿ ಸೇರಿ. ಯೋಚನೆ ಮಾಡಿ ಹೇಳುತ್ತೇವೆ ಅಂದರೆ ಈ ಸಲ ಕೆಲಸಕ್ಕೆ ಹೋಗಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮುಂದಿನ ಮೀಟಿಂಗ್‌ಗೆ ಇನ್ನೂ ಹತ್ತು ಜನರನ್ನು ಕರೆದುಕೊಂಡು ಹೋಗಿ ಅದೇ ಪ್ರಶ್ನೆ ಮತ್ತೆ ಕೇಳಿ.